ಎಂವಿಸಿ (ವಾಹನ ಅಪಘಾತ ಪರಿಹಾರ) ಕೇಸಿನಲ್ಲಿ ಅಂಗವೈಕಲ್ಯದ ಲೆಕ್ಕ: ನನ್ನ ಅನುಭವ

ಅಪಘಾತ ಪರಿಹಾರದ ಫೈಲು ಬಂದಾಗ ಎಫ್‌ಐಆರ್‌ಗಿಂತ ಮೊದಲು ನಾನು ತೆರೆಯುವುದು ಗಾಯಾಳುವನ್ನು ಮೊದಲು ಸೇರಿಸಿದ ಆಸ್ಪತ್ರೆಯ ಎಂಎಲ್‌ಸಿ ನಮೂದು, ಅಂದರೆ ಪೊಲೀಸ್ ಕೇಸಾಗಬಹುದಾದ ಗಾಯದ ಬಗ್ಗೆ ಆಸ್ಪತ್ರೆಯವರು ಬರೆದಿಡುವ ದಾಖಲೆ. ಗಡಿಬಿಡಿಯಲ್ಲಿ ಯಾರೋ ‘ಬೈಕ್ ಸ್ಕಿಡ್ ಆಗಿ ಬಿದ್ದ’ ಅಂದಿರುತ್ತಾರೆ, ಡ್ಯೂಟಿ ಡಾಕ್ಟರು ಹಾಗೇ ಬರೆದುಕೊಂಡಿರುತ್ತಾರೆ. ಎರಡು ದಿನ ಬಿಟ್ಟು ಕೊಟ್ಟ ದೂರಿನಲ್ಲಿ ಕಾರು ಕಾಣಿಸಿಕೊಂಡರೆ ಕಾರನ್ನು ಆಮೇಲೆ ಸೇರಿಸಿದ್ದಾರೆ ಎನ್ನಲು ವಿಮಾ ಕಂಪನಿ ವಕೀಲರಿಗೆ ಅಷ್ಟೇ ಸಾಕು. ಅಂಥ ಫೈಲಿನಲ್ಲಿ ಸ್ಪಾಟ್ ಮಹಜರನ್ನೂ ಐಎಂವಿ ರಿಪೋರ್ಟನ್ನೂ (ಮೋಟಾರು ವಾಹನ ನಿರೀಕ್ಷಕರು ವಾಹನಗಳ ಜಖಂ ನೋಡಿ ಕೊಡುವ ವರದಿ) ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇನೆ: ಕಾರಿನ ಎಡ ಬಂಪರ್ ಒಡೆದು, ಬೈಕಿನ ಬಲಗಡೆ ಫುಟ್‌ರೆಸ್ಟ್ ಬಾಗಿದೆಯೇ? ತಾಳೆಯಾಗದಿದ್ದರೆ ಫೈಲು ವಾಪಸ್.

ಅರ್ಜಿಗೆ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಮೇಲೆ ವಾದವಿದೆ. ನಾನಂತೂ ಆ ವಾದ ನೆಚ್ಚಿ ಕೂರುವುದಿಲ್ಲ.

ಹಣ ನಿಲ್ಲುವುದು ವೈಕಲ್ಯದ ಶೇಕಡಾವಾರಿನ ಮೇಲೆ. ಡಾಕ್ಟರು ಬಲಗೈಗೆ 36% ಅನ್ನುತ್ತಾರೆ; ಮೂರನೇ ಒಂದು ಭಾಗ ಹಿಡಿದು ಇಡೀ ದೇಹಕ್ಕೆ 12% ಅನ್ನುವುದು ನಮ್ಮಲ್ಲಿನ ರೂಢಿ. ಆದರೆ ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪಿನ ಪ್ರಕಾರ ಅಳೆಯಬೇಕಾದದ್ದು ದುಡಿಮೆಗೆ ಬಿದ್ದ ಪೆಟ್ಟು. 32 ವರ್ಷದ ಬಡಗಿ, ತಿಂಗಳಿಗೆ 15,000 ರೂಪಾಯಿ, ಗುಣಕ (ವಯಸ್ಸಿಗೆ ತಕ್ಕಂತೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 16 ಎಂದುಕೊಳ್ಳಿ. 12%ಕ್ಕೆ 3,45,600, 20% ಒಪ್ಪಿಸಿದರೆ 5,76,000. ಭವಿಷ್ಯದಲ್ಲಿ ಹೆಚ್ಚಬಹುದಾದ ಆದಾಯವೆಂದು 40% ಸೇರಿದರೆ 8,06,400. ಗಾಯದ ಕೇಸಿಗೂ ಇದು ಸಲ್ಲುತ್ತದೆಂದು 2020ರ ಪಪ್ಪು ದೇವ್ ಯಾದವ್ ತೀರ್ಪಿದೆ, ಪ್ರತಿ ತೆಗೆದಿಡಿ.

ಆ 20%ಕ್ಕಾಗಿ ಸರ್ಟಿಫಿಕೇಟಿನಲ್ಲಿ ಬರೀ ‘ನೋವಿದೆ’ ಅಂತಿದ್ದರೆ ಉಪಯೋಗವಿಲ್ಲ. ಮಣಿಕಟ್ಟು ಎಷ್ಟು ಡಿಗ್ರಿ ಬಾಗುತ್ತದೆ, ಹಿಡಿತ ಎಷ್ಟು ಕುಗ್ಗಿದೆ, ಉಳಿ ಹಿಡಿಯಲು ಆಗುತ್ತದೆಯೇ, ಎಲ್ಲ ಬರೆಸುತ್ತೇನೆ; ಜೊತೆಗೆ ಹೊಸ ಎಕ್ಸ್‌ರೇ. ಪಾಟೀಸವಾಲಿನಲ್ಲಿ ಡಾಕ್ಟರನ್ನು ಕೇಳುವುದು ಎರಡೇ: ಚಿಕಿತ್ಸೆ ಕೊಟ್ಟವರು ನೀವೇನಾ? ಮೂಳೆ ಕೂಡಿದೆ ತಾನೆ? ಮೊದಲನೆಯದಕ್ಕೆ ‘ಅಲ್ಲ’ ಎಂಬ ಉತ್ತರ ಬಂದರೆ ಶೇಕಡಾವಾರು ಸಾಮಾನ್ಯವಾಗಿ ಇಳಿಯುತ್ತದೆ. ಆದ್ದರಿಂದ ಆಪರೇಷನ್ ಮಾಡಿದ ಡಾಕ್ಟರನ್ನೇ ಕರೆಸಲು ಓಡಾಡುತ್ತೇನೆ, ಎರಡು ವಾಯಿದೆ ಹೋದರೂ ಸರಿ.

ಆದಾಯಕ್ಕೆ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿ. ಮಾಲೀಕರ ಚೀಟಿ ಇದ್ದರೆ ಅವರನ್ನೂ ಕಟಕಟೆಗೆ ಕರೆತರಬೇಕು. ಏನೂ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಅಂದಾಜು ಪಟ್ಟಿಯ ಮೊತ್ತವೇ ಗತಿ.

ಮೂಳೆಗೆ ಹಾಕಿದ ರಾಡ್ ತೆಗೆಯುವ ಮುಂದಿನ ಖರ್ಚಿಗೆ ಬಡ್ಡಿ ಸಿಗುವುದಿಲ್ಲ. ತೀರ್ಪಿಗೆ ಮುಂಚೆ ತೆಗೆಸಿದ್ದರೆ ಆಸ್ಪತ್ರೆಯ ಖರ್ಚಿನ ಅಂದಾಜು ಬಿಟ್ಟು ಆ ಬಿಲ್ಲನ್ನೇ ಸಾಕ್ಷ್ಯವಾಗಿ ಗುರುತು ಮಾಡಿಸಿ.