ಮಳೆಗಾಲದ ನಾಲ್ಕು ತಿಂಗಳು, ಒಂದು ಗೋವಾ ಟ್ರಾನ್ಸ್ ಟ್ರ್ಯಾಕ್

ಮೇ ಕೊನೆಯ ಹೊತ್ತಿಗೆ ಉತ್ತರ ಗೋವಾದ ಅಂಜುನ, ವಾಗಾತೋರ್ ಕಡೆಯ ಶ್ಯಾಕ್‌ಗಳನ್ನು, ಅಂದರೆ ಬೀಚಿನ ಗುಡಿಸಲು ಹೋಟೆಲ್‌ಗಳನ್ನು, ಬಿಚ್ಚುತ್ತಾರೆ. ನಾನು ಮಾಪುಸಾದಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಕಡೆ ಕೆಲಸ ಮಾಡುತ್ತೇನೆ. ಸೀಸನ್ ಇದ್ದಾಗ ಸ್ಪೀಕರ್ ಹೊರುವುದು, ಕೇಬಲ್ ಸುತ್ತುವುದು, ಊರು ಏಳುವ ಹೊತ್ತಿಗೆ ಮಲಗುವುದು. ಮಳೆ ಹಿಡಿದ ಮೇಲೆ ಕೆಲಸ ಕಮ್ಮಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂತು ನನ್ನ ಗೋವಾ ಟ್ರಾನ್ಸ್ ಟ್ರ್ಯಾಕ್ ಮಾಡುತ್ತೇನೆ. ಗೋವಾ ಟ್ರಾನ್ಸ್ ಅಂದರೆ ಇಲ್ಲಿನ ಬೀಚ್ ಪಾರ್ಟಿಗಳಲ್ಲಿ ಬೆಳೆದ, ಕುಣಿಯುವ ಎಲೆಕ್ಟ್ರಾನಿಕ್ ಸಂಗೀತ. ಹೀಗೆ ಏಳು ಮಳೆಗಾಲ ಆಯ್ತು. ಒಂಬತ್ತು ಟ್ರ್ಯಾಕ್ ಮುಗಿದಿವೆ. ಒಂದು ಟ್ರ್ಯಾಕನ್ನು ಹೇಗೆ ಕಟ್ಟುತ್ತೇನೆ, ಹೇಗೆ ಹಂಚುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ವಿಷಯ. ಅದು ಗೊತ್ತಿದ್ದರೆ ಈ ಸಂಗೀತ ಯಾಕೆ ಹೀಗಿದೆ ಅಂತ ತಿಳಿಯುತ್ತದೆ. ಎಂಬತ್ತರ ದಶಕದ ಕೊನೆ, ತೊಂಬತ್ತರ ಮೊದಲಲ್ಲಿ ಗೋವಾದ ಡಿಜೆಗಳು ಇಲ್ಲಿ ವಿನೈಲ್ ರೆಕಾರ್ಡ್ ನುಡಿಸುತ್ತಿದ್ದದ್ದು ಕಮ್ಮಿ. ಬಿಸಿಲಿಗೆ ರೆಕಾರ್ಡ್ ಸೊಟ್ಟಗಾಗುತ್ತಿತ್ತು, ಧೂಳು ಬೇರೆ. ಮೊದಲು ಕ್ಯಾಸೆಟ್, ಆಮೇಲೆ ಡ್ಯಾಟ್ ಅನ್ನುವ ಪುಟ್ಟ ಡಿಜಿಟಲ್ ಟೇಪ್ ಬಂತು. ಇಲ್ಲಿನ ಹಿರಿಯ ಡಿಜೆ ಗೋವಾ ಗಿಲ್ ಕೊನೆಯವರೆಗೂ ಡ್ಯಾಟ್ ಟೇಪಿನಲ್ಲೇ ನುಡಿಸುತ್ತಿದ್ದರು. 2023ರಲ್ಲಿ ಅವರು ತೀರಿಕೊಂಡರು. ಸಾಮಾನ್ಯವಾಗಿ ಡ್ಯಾಟ್ ಪ್ಲೇಯರ್‌ನಲ್ಲಿ ವೇಗ ಹೆಚ್ಚು ಕಮ್ಮಿ ಮಾಡಲು ಆಗುತ್ತಿರಲಿಲ್ಲ. ಹಾಗಾಗಿ ಎರಡು ಟ್ರ್ಯಾಕ್‌ಗಳ ತಾಳ ಕೂಡಿಸಿ ಬೆರೆಸುವುದು ಕಷ್ಟ. ಒಂದು ಮುಗಿಯುತ್ತಾ ಬಂದಾಗ ಇನ್ನೊಂದು ಮೆಲ್ಲಗೆ ಏಳಬೇಕಿತ್ತು. ಗೋವಾ ಟ್ರ್ಯಾಕ್‌ಗಳ ಮೊದಲಲ್ಲೂ ಕೊನೆಯಲ್ಲೂ ತಾಳವಿಲ್ಲದ ಉದ್ದನೆಯ ಭಾಗ ಬಂದದ್ದಕ್ಕೆ ಇದೂ ಒಂದು ಕಾರಣ. ನಾನು ಈಗಲೂ ಆ ಭಾಗ ಬಿಡುವುದಿಲ್ಲ. ಮೊದಲ ಒಂದು ನಿಮಿಷ ಬರೀ ಪ್ಯಾಡ್ (ಮೆಲ್ಲಗೆ ಹರಡುವ ಉದ್ದನೆಯ ಸ್ವರ), ಗಾಳಿ, ದೂರದ ಒಂದು ದನಿ. ಕೇಳುವವರು ಆ ಜಾಗಕ್ಕೆ ಬಂದು ನಿಲ್ಲಲಿ, ಆಮೇಲೆ ಕಿಕ್, ಅಂದರೆ ಪ್ರತಿ ಬೀಟಿಗೂ ಬೀಳುವ ದಪ್ಪ ಡ್ರಮ್ಮಿನ ಪೆಟ್ಟು.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಗಿನವರು ಅಟಾರಿ ಎಸ್‌ಟಿ ಕಂಪ್ಯೂಟರ್, ರೋಲ್ಯಾಂಡ್ ಟಿಬಿ-303, ಎಸ್‌ಎಚ್-101, ಜುನೋ-106 ಸಿಂಥ್‌ಗಳನ್ನು (ಸದ್ದು ಹುಟ್ಟಿಸುವ ಯಂತ್ರಗಳು) ಇಟ್ಟುಕೊಂಡು ಮಾಡಿದರು. ನನ್ನ ಹತ್ತಿರ ಅವು ಒಂದೂ ಇಲ್ಲ. ಹಳೆಯ ಲ್ಯಾಪ್‌ಟಾಪ್, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್, ಅದನ್ನು ಕೈಯಲ್ಲಿ ನಡೆಸಲು ಎಂಟು ಗುಂಡಿಯ ಒಂದು ಪುಟ್ಟ ಮಿಡಿ ಕಂಟ್ರೋಲರ್, ಒಂದು ಜೊತೆ ಹೆಡ್‌ಫೋನ್. ಸಿಂಥ್‌ಗೆ ಸರ್ಜ್ ಎಕ್ಸ್‌ಟಿ ಮತ್ತು ಟಾಲ್ ನಾಯ್ಸ್‌ಮೇಕರ್ ಅನ್ನುವ ಎರಡು ಪ್ಲಗಿನ್, ಅಂದರೆ ರೀಪರ್ ಒಳಗೆ ಓಡುವ ಸಾಫ್ಟ್‌ವೇರ್ ಸಿಂಥ್. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ಇಷ್ಟರಲ್ಲೇ ಪೂರ್ತಿ ಟ್ರ್ಯಾಕ್ ಆಗುತ್ತದೆ. ಹೊಸ ಪ್ಲಗಿನ್ ಹುಡುಕುವ ರಾತ್ರಿಗಳನ್ನು ಒಂದು ಸಿಂಥ್ ಪೂರ್ತಿ ಕಲಿಯಲು ಕೊಡಿ. ಗುಂಡಿ ತಿರುಗಿಸುವ ಮೊದಲೇ ಸದ್ದು ಹೇಗೆ ಬದಲಾಗುತ್ತದೆ ಅಂತ ಕಿವಿಗೆ ಗೊತ್ತಾಗಬೇಕು.

ವೇಗ 138ರಿಂದ 150 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ನಡುವೆ ಇರುತ್ತದೆ. ನಾನು ಯಾವಾಗಲೂ 145 ಇಡುತ್ತೇನೆ. ಆ ವೇಗದಲ್ಲಿ ಒಂದು ಬೀಟ್‌ಗೆ ಸುಮಾರು 414 ಮಿಲಿಸೆಕೆಂಡ್, ಬೀಟಿನ ಕಾಲು ಭಾಗಕ್ಕೆ ಸುಮಾರು 103. ಈ 103 ನೆನಪಿಟ್ಟುಕೊಳ್ಳಿ, ಬೇಸ್‌ಗೆ, ಅಂದರೆ ತಳದ ದಪ್ಪ ಸ್ವರಗಳಿಗೆ, ಬೇಕು. ಕಿಕ್ ಬಿದ್ದ ಕಾಲು ಭಾಗದಲ್ಲಿ ಬೇಸ್ ಸುಮ್ಮನಿರಲಿ. ಮಿಕ್ಕ ಮೂರು ಕಾಲಿನಲ್ಲಿ ನುಡಿಯಲಿ. ಬೇಸ್ ಸ್ವರ 80, 90 ಮಿಲಿಸೆಕೆಂಡ್‌ಗೆ ಆರಿಹೋದರೆ ಮುಂದಿನ ಸ್ವರಕ್ಕೆ ತಾಗುವುದಿಲ್ಲ, ಕುದುರೆ ಓಟದ ಹಾಗೆ ಕೇಳುತ್ತದೆ. ಬೇಸಿನ ಆಧಾರ ಸ್ವರ ಇ, ಎಫ್, ಎಫ್ ಶಾರ್ಪ್, ಜಿ ಇವುಗಳಲ್ಲಿ ಒಂದಿರಲಿ. ಕೆಳಗಿನ ಇ ಅಂದರೆ 41 ಹರ್ಟ್ಜ್, ಜಿ ಅಂದರೆ 49. ಅದಕ್ಕಿಂತ ಕೆಳಗೆ ಹೋದರೆ ನಾವು ಹೊರುವ ಬಾಡಿಗೆ ಸ್ಪೀಕರ್‌ಗಳಲ್ಲಿ ತುಂಬಾ ಕಡೆ ಸದ್ದೇ ಬರುವುದಿಲ್ಲ. ಇದನ್ನು ನಾನು ಪೆಟ್ಟಿಗೆ ಹೊತ್ತೇ ಕಲಿತದ್ದು. ಕಿಕ್ ಮತ್ತು ಬೇಸ್‌ಗೆ ಎರಡು ದಿನಕ್ಕಿಂತ ಜಾಸ್ತಿ ಕೊಡಬೇಡಿ. ಗೋವಾ ಟ್ರಾನ್ಸ್‌ನಿಂದ ಮುಂದೆ ಬೆಳೆದ ಸೈಟ್ರಾನ್ಸ್‌ನಲ್ಲಿ ಅವೇ ಮುಖ್ಯ. ಗೋವಾ ಟ್ರಾನ್ಸ್‌ನಲ್ಲಿ ರಾಗ ಮುಖ್ಯ.

ಈಗ ಆ ರಾಗದ ವಿಷಯ. ನಾನು ಚಿಕ್ಕವನಿದ್ದಾಗ ಎರಡು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿದ್ದೆ. ಸರಳೆ ವರಸೆ, ಜಂಟಿ ವರಸೆ ದಾಟಿ ಹೋಗಲಿಲ್ಲ. ಆದರೆ ಮಾಯಾಮಾಳವಗೌಳ ಕಿವಿಯಲ್ಲಿ ಉಳಿದುಬಿಟ್ಟಿತು. ಎಷ್ಟೋ ವರ್ಷದ ಮೇಲೆ, ಒಂದು ಬುಧವಾರ ಅಂಜುನ ಸಂತೆಯ ಪಕ್ಕ ಆಂಪ್ಲಿಫೈಯರ್ ಇಳಿಸುತ್ತಿದ್ದೆ. ಯಾರೋ ಹಳೆಯ ಗೋವಾ ಟ್ರ್ಯಾಕ್ ಹಾಕಿದರು. ಆ ಹತ್ತಿರ ಹತ್ತಿರದ ಸ-ರಿ, ಆಮೇಲೆ ಗಾಂಧಾರಕ್ಕೆ ಆ ದೊಡ್ಡ ಜಿಗಿತ! ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು ನಿಂತುಬಿಟ್ಟೆ. ಈ ದಾರಿ ನನಗೆ ಗೊತ್ತು ಅನ್ನಿಸಿತು. ನೀವೂ ಚಿಕ್ಕಂದಿನಲ್ಲಿ ಪಾಠಕ್ಕೆ ಹೋಗಿದ್ದರೆ ನಿಮಗೂ ಅರ್ಧ ಗೊತ್ತಿದೆ ಅಂತಲೇ ಅರ್ಥ. ಪಾಶ್ಚಾತ್ಯರು ಫ್ರಿಜಿಯನ್ ಅನ್ನುವುದು ನಮ್ಮ ಹನುಮತೋಡಿಯ ಸ್ವರಗಳು. ಫ್ರಿಜಿಯನ್ ಡಾಮಿನಂಟ್ ಅಂದರೆ ವಕುಳಾಭರಣ. ಹಾರ್ಮೋನಿಕ್ ಮೈನರ್ ಅಂದರೆ ಕೀರವಾಣಿ. ಮಾಯಾಮಾಳವಗೌಳದ ನಿಷಾದವನ್ನು ಅರ್ಧ ಮೆಟ್ಟಿಲು ಇಳಿಸಿದರೆ ವಕುಳಾಭರಣ ಸಿಕ್ಕಿತು. ಗಮಕ ಇಲ್ಲದೆ ನುಡಿಸಿದರೆ ಅದು ಆ ರಾಗ ಆಗುವುದಿಲ್ಲ, ಸ್ವರಗಳು ಮಾತ್ರ ಒಂದೇ. ಅದನ್ನು ನಾನು ಮರೆಯುವುದಿಲ್ಲ.

ರಾಗದ ಒಂದು ಎಳೆ, ಅಂದರೆ ಒಂದು ಸಾಲು ಸ್ವರ, ಹೀಗೆ ಶುರು ಮಾಡಿ. ನಾಲ್ಕು ಬೀಟ್‌ನ ಒಂದು ಬಾರ್‌ನಲ್ಲಿ, ಬೀಟಿಗೆ ನಾಲ್ಕರಂತೆ, ಹದಿನಾರು ಮನೆಗಳಿವೆ. ನಾಲ್ಕು ನಾಲ್ಕಾಗಿ ತುಂಬಿದರೆ ಚಪ್ಪಟೆ. ಮೂರು, ಮೂರು, ಮೂರು, ಮೂರು, ಕೊನೆಗೆ ನಾಲ್ಕು ಮಾಡಿ. ಸರಿಗ, ರಿಗಮ, ಪಮಗ, ಮಗರಿ, ಸನಿದನಿ. ಕೊನೆಯ ನಿ-ದ-ನಿ ಕೆಳಗಿನ ಸ್ಥಾಯಿಯವು. ಆಧಾರ ಸ್ವರ ಇ ಆದರೆ ಇದು ಇ, ಎಫ್, ಜಿ ಶಾರ್ಪ್. ಎಫ್, ಜಿ ಶಾರ್ಪ್, ಎ. ಬಿ, ಎ, ಜಿ ಶಾರ್ಪ್. ಎ, ಜಿ ಶಾರ್ಪ್, ಎಫ್. ಇ, ಡಿ, ಸಿ, ಡಿ. ಕಿಕ್ ಬೀಳುವುದು 1, 5, 9, 13ನೇ ಮನೆಗಳಲ್ಲಿ. ಗುಂಪಿನ ಮೊದಲ ಸ್ವರ ಬರುವುದು 1, 4, 7, 10, 13ರಲ್ಲಿ. ಎರಡೂ ಕೂಡುವುದು 1 ಮತ್ತು 13ರಲ್ಲಿ ಮಾತ್ರ. ನಡುವೆ ಎಳೆ ತಾಳದಿಂದ ಜಾರಿದ ಹಾಗೆ ಇರುತ್ತದೆ, ಮತ್ತೆ ಬಂದು ಸೇರುತ್ತದೆ. ಆ ಜಾರಾಟ ಮತ್ತು ಕೂಡಾಟವೇ ಕಾಲನ್ನು ನಿಲ್ಲಗೊಡುವುದಿಲ್ಲ. ಮೃದಂಗ ಕೇಳಿ ಬೆಳೆದವರಿಗೆ ಇದು ಹೊಸದಲ್ಲ, ಅಲ್ವಾ?

ಕೀಬೋರ್ಡಿಗೆ ಹೋಗುವ ಮೊದಲು ಬಾಯಲ್ಲಿ ಹಾಡಿ. ಹಾಡಲು ಬಾರದ ಎಳೆಯನ್ನು ನಾನು ಇಟ್ಟುಕೊಳ್ಳುವುದಿಲ್ಲ. ಮೊದಲ ಎರಡು ಮಳೆಗಾಲ ನಾನು ಮೌಸ್‌ನಲ್ಲಿ ಚುಕ್ಕಿ ಇಟ್ಟು ಇಟ್ಟು ಎಳೆ ಮಾಡಿದೆ. ನೋಡಲು ಚೆನ್ನಾಗಿದ್ದವು. ಮಾರನೇ ದಿನ ಒಂದೂ ನೆನಪಿರಲಿಲ್ಲ. ಈಗ ಸ್ಕೂಟರ್‌ನಲ್ಲಿ ಹೋಗುವಾಗ ಗುನುಗುತ್ತೇನೆ. ಸಂಜೆಗೂ ನೆನಪಿದ್ದರೆ ಆ ಎಳೆ ಉಳಿಯಿತು.

ಮೊದಲ ಎಳೆ ಸಿಕ್ಕ ಮೇಲೆ ಅದರಿಂದ ಸ್ವರ ತೆಗೆಯಿರಿ. ಇದು ಮನಸ್ಸಿಗೆ ಕಷ್ಟ ಆಗುವ ಕೆಲಸ, ಆದರೂ ಮಾಡಿ. ಎರಡು ಮೂರು ಮನೆ ಖಾಲಿ ಮಾಡಿ. ಎರಡನೇ ಎಳೆ ಮಾತಾಡುವುದು ಆ ಖಾಲಿ ಮನೆಗಳಲ್ಲಿ. ಮೊದಲನೆಯದು ಮೇಲಿನ ಸ್ಥಾಯಿಯಲ್ಲಿದ್ದರೆ ಎರಡನೆಯದು ಒಂದು ಸ್ಥಾಯಿ ಕೆಳಗಿರಲಿ, ನಿಧಾನ ಇರಲಿ. ಮೂರನೆಯದು ಎರಡು ಬಾರ್‌ಗೆ ಒಂದೇ ಉದ್ದನೆಯ ಸ್ವರ ಹಿಡಿಯಲಿ. ನಾಲ್ಕನೆಯದು ಟಿಬಿ-303 ತರಹದ, ಕಿರುಗುಟ್ಟುವ ಆಸಿಡ್ ಎಳೆ. ಅದಕ್ಕೆ ಸಿಂಥ್‌ನ ಗರಗಸದ ಹಲ್ಲಿನಂಥ (ಸಾಟೂತ್) ಅಲೆಯೋ ಚೌಕ ಅಲೆಯೋ ಸಾಕು. ಕೆಲವು ಸ್ವರಕ್ಕೆ ಒತ್ತು, ಕೆಲವು ಕಡೆ ಒಂದರಿಂದ ಇನ್ನೊಂದಕ್ಕೆ ಜಾರು. ಕೊನೆಯಲ್ಲಿ ನಾಲ್ಕೂ ಒಟ್ಟಿಗೆ ಬಂದಾಗ ಒಂದೊಂದೂ ಬೇರೆಯಾಗಿ ಕೇಳಬೇಕು. ಕೇಳದಿದ್ದರೆ ವಾಲ್ಯೂಮ್ ಮುಟ್ಟಬೇಡಿ, ಸ್ವರ ತೆಗೆಯಿರಿ.

ಡಿಲೇ, ಅಂದರೆ ಮಾರ್ದನಿ, ಹಾಕುವಾಗ ಮೂರು ಮನೆಯ ಡಿಲೇ ಹಾಕಿ. 145ರಲ್ಲಿ ಅದು 310 ಮಿಲಿಸೆಕೆಂಡ್. ಮೂರರ ಗುಂಪಿಗೆ ಮೂರರ ಮಾರ್ದನಿ ಚೆನ್ನಾಗಿ ಕೂರುತ್ತದೆ. ಮಾರ್ದನಿ ಎಷ್ಟು ಮರಳಿ ಬರಬೇಕು ಅನ್ನುವ ಫೀಡ್‌ಬ್ಯಾಕ್ 30, 40 ಪರ್ಸೆಂಟ್ ದಾಟದಿರಲಿ.

ಇನ್ನು ಫಿಲ್ಟರ್, ಅಂದರೆ ಸದ್ದಿನ ಮೇಲಿನ ಭಾಗವನ್ನು ಸೋಸುವುದು. ಎಳೆ ಬದಲಾಗುವುದಿಲ್ಲ, ಅದರ ಬಣ್ಣ ಬದಲಾಗುತ್ತದೆ. ಅದೇ ಹದಿನಾರು ಸ್ವರ ಎರಡು ನಿಮಿಷ ಕೇಳಿಸಿದರೂ ಬೇಜಾರಾಗದಿರುವುದು ಎಲ್ಲಿಂದ ಸೋಸಬೇಕು ಅನ್ನುವ ಕಟ್‌ಆಫ್ ಮೆಲ್ಲಗೆ ತೆರೆಯುವುದರಿಂದ. ಇದನ್ನು ಪರದೆಯ ಮೇಲೆ ಗೆರೆ ಎಳೆದು ಮಾಡಬೇಡಿ. ರೆಕಾರ್ಡ್ ಒತ್ತಿ, ಕಣ್ಣು ಮುಚ್ಚಿ, ಗುಂಡಿಯನ್ನು ಕೈಯಲ್ಲೇ ತಿರುಗಿಸಿ. ಒಂದು ಕೈಗೆ ಕಟ್‌ಆಫ್, ಇನ್ನೊಂದಕ್ಕೆ ಆ ಅಂಚನ್ನು ಚೂಪು ಮಾಡುವ ರೆಸೊನನ್ಸ್. ಐದಾರು ಸಲ ಮಾಡಿ, ಚೆನ್ನಾಗಿರುವುದನ್ನು ಇಟ್ಟುಕೊಳ್ಳಿ. ಕೈ ಸ್ವಲ್ಪ ತಡೆದು, ಸ್ವಲ್ಪ ಮುಂದೆ ಹೋಗುತ್ತದಲ್ಲ, ಅದರಲ್ಲಿ ಉಸಿರಿದೆ.

ಜೋಡಿಸುವಾಗ ನನ್ನ ಲೆಕ್ಕ ಸರಳ. ಹದಿನಾರು ಬಾರ್‌ಗೆ ಸುಮಾರು 26 ಸೆಕೆಂಡ್. ಎಂಟು ನಿಮಿಷದ ಟ್ರ್ಯಾಕ್‌ಗೆ ಅಂಥ ಹದಿನೆಂಟು ಕಂತು. ಗೋಡೆಯ ಮೇಲೆ ಹದಿನೆಂಟು ಚೀಟಿ ಅಂಟಿಸುತ್ತೇನೆ. ಒಂದು ಕಂತಿಗೆ ಒಂದೇ ಹೊಸ ವಿಷಯ. ಹೊಸ ಎಳೆ, ಇಲ್ಲವೇ ಹೈಹ್ಯಾಟ್, ಇಲ್ಲವೇ ಒಂದು ಎಳೆ ಹೋಗುವುದು. ಕಿವಿ ಒಂದನ್ನು ಕಲಿತ ಮೇಲೆ ಇನ್ನೊಂದು ಬರಲಿ. ಹತ್ತನೇ ಕಂತಿನ ಹತ್ತಿರ ಕಿಕ್ ತೆಗೆದು ಉಸಿರು ಬಿಡಲು ಜಾಗ ಕೊಡುತ್ತೇನೆ. ಹದಿಮೂರರಿಂದ ಹದಿನಾರು ಎಲ್ಲ ಎಳೆಗಳೂ ಕೂಡುವ ಕಡೆ. ಕೊನೆಯ ಎರಡರಲ್ಲಿ ಮತ್ತೆ ಪ್ಯಾಡ್, ಗಾಳಿ.

ಮಿಕ್ಸಿಂಗ್ ಬಗ್ಗೆ ಮೂರೇ ಮಾತು. ಕಿಕ್ ಮತ್ತು ಬೇಸ್ ಬಿಟ್ಟು ಮಿಕ್ಕಿದ್ದೆಲ್ಲದರಿಂದ 150 ಹರ್ಟ್ಜ್‌ಗಿಂತ ಕೆಳಗಿನದನ್ನು ತೆಗೆಯಿರಿ. ಕೆಳಗಿನ ಸದ್ದು ಮೊನೋ ಇರಲಿ, ಎಡಕ್ಕೂ ಬಲಕ್ಕೂ ಒಂದೇ. ಮಾಸ್ಟರಿಂಗ್‌ಗೆ, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದಕ್ಕೆ, ಕೊಡುವ ಫೈಲಿನ ಅತಿ ಜೋರಿನ ಸದ್ದೂ ಸೊನ್ನೆಯಿಂದ 6 ಡೆಸಿಬಲ್ ಕೆಳಗಿರಲಿ. ಆಮೇಲೆ ಫೋನ್, ಕಾರು, ದೊಡ್ಡ ಸಿಸ್ಟಂ ಮೂರರಲ್ಲೂ ಕೇಳಿ. ನಾನು ಸಿಸ್ಟಂ ಟೆಸ್ಟ್ ಮಾಡುವ ಹೊತ್ತಲ್ಲಿ ನನ್ನ ಟ್ರ್ಯಾಕ್ ಹಾಕಿ, ಮೂವತ್ತು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತೇನೆ. ನಿಮ್ಮೂರಲ್ಲಿ ಸೌಂಡ್ ಹಾಕುವ ಹುಡುಗರನ್ನು ಕೇಳಿ. ಮುಂಚೆ ಬಂದು ಒಂದು ಕೈ ಕೇಬಲ್ ಎಳೆದರೆ ಅವರು ಖಂಡಿತ ಹಾಕಿಕೊಡುತ್ತಾರೆ.

ಸ್ಯಾಂಪಲ್ ವಿಷಯದಲ್ಲಿ ಹುಷಾರು. ಸಿನಿಮಾ ಮಾತು ಕತ್ತರಿಸಿ ಹಾಕುವುದು ಈ ಸಂಗೀತದ ಹಳೆಯ ಅಭ್ಯಾಸ. ಆದರೆ ಅನುಮತಿ ಇಲ್ಲದೆ ಹಾಕಿದರೆ ಹಕ್ಕಿರುವವರು ಟ್ರ್ಯಾಕನ್ನೇ ತೆಗೆಸಬಹುದು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಚಾಪೋರಾ ಕೋಟೆಯ ಮೇಲಿನ ಗಾಳಿ, ತಗಡಿನ ಮೇಲೆ ಮಳೆ, ನಮ್ಮಮ್ಮ ಫೋನಿನಲ್ಲಿ ಹೇಳಿದ ಒಂದು ಒಗಟು. ಅವು ನನ್ನವು, ಬೇರೆ ಯಾರ ಟ್ರ್ಯಾಕ್‌ನಲ್ಲೂ ಇರುವುದಿಲ್ಲ.

ಹಂಚುವ ಮೊದಲು 24 ಬಿಟ್ ವೇವ್ ಫೈಲ್ ತೆಗೆದಿಡಿ. ನಾನು ಬ್ಯಾಂಡ್‌ಕ್ಯಾಂಪ್ ಅನ್ನುವ ಸಂಗೀತ ಮಾರುವ ತಾಣದಲ್ಲಿ ಹಾಕುತ್ತೇನೆ, ಬೆಲೆಯನ್ನು ಕೇಳುವವರಿಗೇ ಬಿಡುತ್ತೇನೆ. ಡಿಜಿಟಲ್ ಮಾರಾಟದಲ್ಲಿ ಅವರು ಶೇಕಡಾ 15 ಹಿಡಿಯುತ್ತಾರೆ, ಹಣ ಕಳಿಸುವ ಖರ್ಚು ಬೇರೆ. ಸುಮ್ನೆ ಹಂಚಬೇಕು ಅನ್ನಿಸಿದರೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಹಾಕಿ. ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು ಅಂತ ಅದರಲ್ಲೇ ಹೇಳಬಹುದು. ಎಕ್ಟೋಪ್ಲಾಜ್ಮ್ ಅನ್ನುವ ತಾಣ ಹೀಗೆ ಎಷ್ಟೋ ಸೈಟ್ರಾನ್ಸ್, ಗೋವಾ ಆಲ್ಬಂಗಳನ್ನು ಉಚಿತವಾಗಿ ಜಗತ್ತಿಗೆ ಮುಟ್ಟಿಸಿದೆ. ನಾನು ಈ ಸಂಗೀತ ಕಲಿತದ್ದರಲ್ಲಿ ದೊಡ್ಡ ಪಾಲು ಅಲ್ಲಿಂದ.

ಲೇಬಲ್‌ಗೆ ಕಳಿಸುವುದಾದರೆ ಮೊದಲು ಅವರು ಹೊರತಂದಿರುವುದನ್ನು ಕೇಳಿ. ಬೆಲ್ಜಿಯಂನ ಸನ್‌ಟ್ರಿಪ್ ರೆಕಾರ್ಡ್ಸ್‌ನಂಥವರು ಇವತ್ತಿಗೂ ಗೋವಾ ಟ್ರಾನ್ಸ್‌ಗೇ ಮೀಸಲು. ಎರಡು ಮುಗಿದ ಟ್ರ್ಯಾಕ್, ನಾಲ್ಕು ಸಾಲಿನ ಪತ್ರ ಸಾಕು. ಒಂದು ಲೇಬಲ್ ನನ್ನ ಟ್ರ್ಯಾಕ್ ಬೇಕು ಅಂದು, ಬೇರೆ ಕಡೆ ಹಾಕಬೇಡ ಅಂದು, ಎಂಟು ತಿಂಗಳು ಒಂದು ಮಾತೂ ಹೇಳಲಿಲ್ಲ. ಆ ಮಳೆಗಾಲ ಪೂರ್ತಿ ಮನಸ್ಸು ಕೆಟ್ಟಿತ್ತು. ಈಗ ಪತ್ರದಲ್ಲೇ ಬರೆಯುತ್ತೇನೆ, ಇಂಥ ತಾರೀಖಿನವರೆಗೆ ಕಾಯುತ್ತೇನೆ, ಆಮೇಲೆ ನಾನೇ ಬಿಡುಗಡೆ ಮಾಡುತ್ತೇನೆ ಅಂತ.

ಎಲ್ಲಕ್ಕಿಂತ ಒಳ್ಳೆಯ ದಾರಿ ಡಿಜೆಗಳ ಕೈಗೆ ಪೆನ್ ಡ್ರೈವ್ ಕೊಡುವುದು. ಫೈಲ್ ಹೆಸರಿನಲ್ಲೇ ಬಿಪಿಎಂ, ಆಧಾರ ಸ್ವರ ಬರೆಯಿರಿ. ಯಾವ ಹೊತ್ತಿನ ಟ್ರ್ಯಾಕ್ ಅಂತಲೂ ಹೇಳಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಾಗಾಗಿ ಬಯಲಿನ ಪಾರ್ಟಿ ಸಂಜೆಗೆ ಬಂದಿದೆ. ಹಿಂದೆ ಸೂರ್ಯ ಹುಟ್ಟುವಾಗ ನುಡಿಸುತ್ತಿದ್ದ, ರಾಗ ಜಾಸ್ತಿ ಇರುವ ಟ್ರ್ಯಾಕ್‌ಗಳು ಈಗ ಸೂರ್ಯ ಮುಳುಗುವ ಹೊತ್ತಿಗೆ ಸರಿ ಹೊಂದುತ್ತವೆ. ನಾನು ಆ ಹೊತ್ತನ್ನೇ ಮನಸ್ಸಿನಲ್ಲಿಟ್ಟು ಬರೆಯುತ್ತೇನೆ. ನೆರಳು ಉದ್ದ ಆಗಿರುತ್ತದೆ, ಕುಣಿಯುವವರ ಮುಖ ಇನ್ನೂ ಕಾಣುತ್ತಿರುತ್ತದೆ.

ಬಿಡುಗಡೆ ಆದ ಮೇಲೂ ಪ್ರತಿ ಎಳೆಯನ್ನು ಬೇರೆ ಬೇರೆ ವೇವ್ ಫೈಲಾಗಿ ಇಡಿ. ಎರಡು ಹಾರ್ಡ್ ಡಿಸ್ಕ್ ಇರಲಿ. ನಮ್ಮ ಕಡೆಯ ಮಳೆಗೆ ಬೆಲ್ಟಿಗೂ ಬೂಷ್ಟು ಬರುತ್ತದೆ. ಹಾಗಾಗಿ ನನ್ನವು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿರುತ್ತವೆ. ಮೊನ್ನೆ ಮೂರು ವರ್ಷದ ಹಿಂದಿನ ಟ್ರ್ಯಾಕಿನ ಆಸಿಡ್ ಎಳೆ ಬೇಕು, ರೀಮಿಕ್ಸ್ ಮಾಡುತ್ತೇನೆ ಅಂತ ಒಬ್ಬ ಹುಡುಗ ಕೇಳಿದ. ಡಬ್ಬಿ ತೆಗೆದೆ, ಹತ್ತು ನಿಮಿಷದಲ್ಲಿ ಕಳಿಸಿಕೊಟ್ಟೆ.