ಊದಿದ ಕಾಲಿನ ದೊರೆನ ಬರೆಯೋಕೆ ಹೋಗಿ

31 ವರ್ಷ ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಲೋಯರ್ ಗ್ರೇಡು, ಹೈಯರ್ ಗ್ರೇಡು ಪರೀಕ್ಷೆಗೆ ಮಕ್ಕಳನ್ನ ಕೂರಿಸಿ ಹೂಜಿ, ಬಕೆಟ್ಟು, ಕೊಡೆ ಬರೆಸಿದ್ದೇ ಬರೆಸಿದ್ದು. ಸ್ವಂತಕ್ಕೆ ಅಂತ ಕೂತು ಒಂದು ಮನುಷ್ಯನ ಚಿತ್ರ ನೆಟ್ಟಗೆ ಬರೆದಿದ್ದು ಕಮ್ಮಿ. ರಿಟೈರ್ ಆದ್ಮೇಲೆ ಆರು ತಿಂಗಳಿಗೆ ಅಂತ ಮಗಳ ಮನೆಗೆ ನ್ಯೂಜೆರ್ಸಿಗೆ ಬಂದೆ, ಬಂದವನಿಗೆ ಮೊದಲ್ನೇ ವಾರ ಕಾಲೆರಡೂ ಊದ್ಕೊಂಡು ಚಪ್ಪಲಿ ಹಿಡಿಸ್ತಿರ್ಲಿಲ್ಲ, ಅಷ್ಟು ಹೊತ್ತು ವಿಮಾನದಲ್ಲಿ ಕಾಲು ಇಳಿಬಿಟ್ಕೊಂಡು ಕೂತಿದ್ದಕ್ಕೆ. ಈ ಕಾಲಿನ ವಿಷಯ ಯಾಕೆ ಹೇಳ್ತಿದೀನಿ ಅಂದ್ರೆ ಆಮೇಲೆ ಇದೇ ಕೆಲಸಕ್ಕೆ ಬಂತು.

ಊತ ಇಳಿದ್ಮೇಲೆ ಮಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋದ್ಲು. ಸೀನಿಯರ್ ಸಿಟಿಜನ್ ಟಿಕೆಟ್ಟೇ 22 ಡಾಲರ್, ನಾನು ಮನಸಲ್ಲೇ ರೂಪಾಯಿಗೆ ಲೆಕ್ಕ ಹಾಕಿ ಮುಖ ಸಣ್ಣ ಮಾಡ್ಕೊಂಡೆ, ಅವಳು ಅಪ್ಪಾ ಸುಮ್ನಿರಿ ಅಂದ್ಲು. ಸುತ್ತಿ ಸುತ್ತಿ ಮಂಡಿ ಹಿಡ್ಕೊಂಡಾಗ ಕಂಡಿದ್ದು ಗುಸ್ತಾವ್ ಮೊರೋ ಅನ್ನೋ ಫ್ರೆಂಚ್ ಕಲಾವಿದ ಬರೆದ ಈಡಿಪಸ್, ಗ್ರೀಕ್ ಕತೆಯ ದೊರೆ. 1864ರದ್ದು, ಉದ್ದ 206 ಸೆಂಟಿಮೀಟರ್, ಅಗಲ ಅದರ ಅರ್ಧ, 105ಕ್ಕೆ ಚೂರು ಕಮ್ಮಿ, ಅಂದ್ರೆ ಒಂದು ಬಾಗಿಲಷ್ಟು. ಸ್ಫಿಂಕ್ಸ್ ಅನ್ನೋ ಪ್ರಾಣಿ, ಹೆಂಗಸಿನ ಮುಖ, ಸಿಂಹದ ಮೈ, ಮೇಲೆ ರೆಕ್ಕೆ, ಅದು ಹಾರಿ ಇವನ ಎದೆ ಮೇಲೆ ಬೆಕ್ಕಿನ ಥರ ಅಂಟ್ಕೊಂಡಿದೆ, ಇವನು ಈಟಿ ಹಿಡ್ಕೊಂಡು ನಿಂತಲ್ಲೇ ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದಾನೆ. ಕೆಳಗಡೆ ಸ್ಫಿಂಕ್ಸ್ ಕೇಳೋ ಒಗಟಿಗೆ ಉತ್ತರ ಗೊತ್ತಿಲ್ದೆ ಸತ್ತೋರ ಕೈಕಾಲು ಕಾಣುತ್ತೆ.

ಕತೆ ನಂಗೆ ಗೊತ್ತಿತ್ತು, ಲಂಕೇಶರು ಕನ್ನಡಕ್ಕೆ ತಂದ ನಾಟಕನ ಹುಡುಗನಾಗಿದ್ದಾಗ ನೋಡಿದ್ದೆ. ಗೊತ್ತಿಲ್ದೋರಿಗೆ ಎರಡು ಮಾತಲ್ಲಿ: ಈ ಮಗು ಅಪ್ಪನ್ನ ಕೊಂದು ಅಮ್ಮನ್ನ ಮದುವೆ ಆಗುತ್ತೆ ಅಂತ ದೈವವಾಣಿ ಆಯ್ತು ಅಂತ ಥೀಬ್ಸಿನ ದೊರೆ ಹುಟ್ಟಿದ ಮಗುವಿನ ಕಾಲಿನ ಕೀಲಿಗೆ ಚುಚ್ಚಿ ಬೆಟ್ಟಕ್ಕೆ ಎಸೆಸ್ತಾನೆ, ದನ ಕಾಯೋನು ಕರುಣೆಯಿಂದ ಬದುಕಿಸ್ತಾನೆ, ಕೊರಿಂತ್ ರಾಜನ ಮನೇಲಿ ಬೆಳೆದ ಆ ಹುಡುಗ ದಾರೀಲಿ ಸಿಕ್ಕಿದ ಅಪ್ಪನ್ನ ಯಾರೂಂತ ತಿಳೀದೆ ಕೊಂದು, ಒಗಟು ಬಿಡಿಸಿ, ವಿಧವೆ ರಾಣಿನ ಅಂದ್ರೆ ಹೆತ್ತ ತಾಯಿನೇ ಮದುವೆ ಆಗ್ತಾನೆ. ನಿಜ ಗೊತ್ತಾದ ದಿನ ಅವಳು ನೇಣು ಹಾಕ್ಕೊಂಡ್ಲು, ಇವನು ಅವಳ ಸೀರೆಪಿನ್ನಿನಂಥ ಚಿನ್ನದ ಪಿನ್ನು ಕಿತ್ತು ತನ್ನ ಕಣ್ಣಿಗೇ ಚುಚ್ಕೊಂಡ. ಹುಟ್ಟಿದಾಗ ಕಾಲಿಗೆ ಚುಚ್ಚಿದ್ದು, ಕೊನೆಗೆ ಕಣ್ಣಿಗೆ ಚುಚ್ಕೊಂಡಿದ್ದು. ಈಡಿಪಸ್ ಅಂದ್ರೇನೇ ಗ್ರೀಕಲ್ಲಿ ಊದಿದ ಕಾಲಿನವನು ಅಂತ.

ಇದನ್ನ ಕಾಪಿ ಮಾಡ್ಬೇಕು ಅಂತ ಅಲ್ಲೇ ನಿಂತು ನಿರ್ಧಾರ ಮಾಡಿದೆ. ಮ್ಯೂಸಿಯಮ್ಮಲ್ಲಿ ಪೆನ್ಸಿಲ್ ಮಾತ್ರ, ಇಂಕು ಬಣ್ಣ ಹಾಗೆಲ್ಲ ತೆಗೆಯೋ ಹಾಗಿಲ್ಲ, ನಂಗೂ ಪೆನ್ಸಿಲ್ಲೇ ಬೇಕಿತ್ತು. ಆದ್ರೆ ಎರಡು ಮೀಟರ್ ಚಿತ್ರನ ಕಣ್ಣಂದಾಜಲ್ಲಿ ಇಳಿಸೋ ವಯಸ್ಸಲ್ಲ ನಂದು, ನಮ್ಮ ಹಳೇ ಚೌಕದ ಲೆಕ್ಕವೇ ಸರಿ, ಮೂಲದ ಮೇಲೂ ಹಾಳೆ ಮೇಲೂ ಅಷ್ಟಷ್ಟೇ ಚೌಕ ಹಾಕಿ ಒಂದೊಂದನ್ನೇ ನೋಡಿ ಇಳಿಸೋದು. ಈ ಮ್ಯೂಸಿಯಮ್ಮಿನೋರು 2017ರಿಂದ ಹಳೇ ಚಿತ್ರಗಳ ಫೋಟೋನ ವೆಬ್‌ಸೈಟಲ್ಲಿ ಫ್ರೀಯಾಗಿ ಬಿಟ್ಟಿದಾರೆ, ಯಾರು ಏನು ಬೇಕಾದ್ರೂ ಮಾಡ್ಕೋಬಹುದು, ಮಗಳು ಇಳಿಸ್ಕೊಂಡು ಪ್ರಿಂಟ್ ಕೊಟ್ಲು. ನಾನು ಅದೇ ಖುಷೀಲಿ ಚೌಕ ಹಾಕಿ ಎರಡು ಸಂಜೆ ಕೂತು ಇಳಿಸಿದ್ರೆ ಈಡಿಪಸ್ ಗರಡಿಮನೆ ಪೈಲ್ವಾನ್ ಥರ ಅಡ್ಡಡ್ಡ ಬರ್ತಿದಾನೆ! ನನ್ನ ಕೈ ಹೋಯ್ತು ಅಂತಲೇ ಅಂದ್ಕೊಂಡೆ. ಆಮೇಲೆ ಸ್ಕೇಲ್ ಇಟ್ಟು ನೋಡಿದ್ರೆ ಪ್ರಿಂಟ್ ಹೊಡೆಯುವಾಗ ಹಾಳೆ ತುಂಬ ಬರ್ಲಿ ಅಂತ ಏನೋ ಒತ್ತಿ ಚಿತ್ರನ ಅಗಲಕ್ಕೆ ಎಳೆದುಬಿಟ್ಟಿದಾಳೆ. ಮೊದ್ಲು ಉದ್ದ ಅಗಲ ಅಳೀರಿ ಅಂತ ಮಕ್ಕಳಿಗೆ ಹೇಳಿ ಹೇಳಿ ಗಂಟಲು ಒಣಗಿಸ್ಕೊಂಡೋನು ನಾನೇ ಅಳೀಲಿಲ್ಲ ನೋಡಿ.

ಸರಿ ಮಾಡಿದ್ದು ಹೀಗೆ. ಎ3 ಹಾಳೆ ಉದ್ದ 42 ಸೆಂ.ಮೀ., ಹಾಗಾಗಿ ಮೂಲದ ಐದನೇ ಒಂದು ಪಾಲು ಅದರಲ್ಲಿ ಕೂರುತ್ತೆ. ಉದ್ದಕ್ಕೆ 20, ಅಡ್ಡಕ್ಕೆ 10 ಚೌಕ, ಒಂದೊಂದೂ ಎರಡು ಸೆಂ.ಮೀ.ಗಿಂತ ಚೂರು ಜಾಸ್ತಿ ಲೆಕ್ಕ. ಚೌಕ ಹಾಕೋಕೆ ಗಟ್ಟಿ ಪೆನ್ಸಿಲ್, ಎಚ್ ಸಾಕು, ಒತ್ತಬಾರದು, ಒತ್ತಿದ್ರೆ ಹಾಳೇಲಿ ಗೀರು ಉಳಿದು ಶೇಡಿಂಗ್ ಮಾಡುವಾಗ ಬಿಳಿ ಗೆರೆಯಾಗಿ ಎದ್ದು ಕಾಣುತ್ತೆ. ಮೊದ್ಲು ಈಟಿ ಬರೆದೆ, ಅದು ನೇರ ಗೆರೆ, ಅದರ ಓರೆ ಸರಿ ಕೂತ್ರೆ ಮೈಯಿನ ಓರೆ ತಾನಾಗೇ ಸಿಗುತ್ತೆ. ರೆಕ್ಕೆ, ಕಂಬ, ಕಂಬದ ಮೇಲಿನ ಪಾತ್ರೆ, ಹತ್ತೋ ಹಾವು ಎಲ್ಲ ಕೊನೆಗೆ. ಮನೇಲಿ ಹೊರಗೆರೆ ಮುಗಿಸಿ, ಬುಧವಾರ ರಜಾ ಬಿಟ್ಟು ನಾಲ್ಕು ದಿನ ಮ್ಯೂಸಿಯಮ್ಮಲ್ಲಿ ಅಸಲಿ ಚಿತ್ರದ ಎದುರು ನೆರಳು ತುಂಬಿದೆ.

ತಲೆ ತಿಂದಿದ್ದು ಕಣ್ಣು. ಹಾಳೇಲಿ ಅವನ ತಲೆಯೇ ಹೆಬ್ಬೆರಳಿನಷ್ಟು, ಕಣ್ಣು ಜೀರಿಗೆ ಕಾಳಷ್ಟು. ನನ್ನ ಈಡಿಪಸ್ ಸ್ಫಿಂಕ್ಸ್ ತಲೆ ಮೇಲಿಂದ ಬಸ್ಸು ಬರ್ತಿದ್ಯಾ ಅಂತ ನೋಡೋನ ಥರ ನೋಡ್ತಿದ್ದ. ಪಾಪೆ ಒಂದು ಕೂದಲೆಳೆ ಕೆಳಗೆ ಬಂದ್ರೆ ನಿದ್ದೆ ಬಂದೋನು, ಮೇಲೆ ಹೋದ್ರೆ ಬಸ್ಸು. ಅಳಿಸಿ ಅಳಿಸಿ ಹಾಳೆ ತೆಳ್ಳಗಾಯ್ತು. ಕೊನೆಗೆ ಪಾಪೆನೇ ಬರೀಲಿಲ್ಲ, ಮೇಲಿನ ರೆಪ್ಪೆ ನೆರಳೊಂದನ್ನ ಗಾಢ ಮಾಡಿ ಬಿಟ್ಟೆ, ನೋಟ ತಾನಾಗೇ ಕೆಳಕ್ಕೆ ಇಳಿದು ಅವಳ ಮುಖಕ್ಕೆ ಹೋಯ್ತು. ಆ ಚಿತ್ರದಲ್ಲಿ ಇರೋದೇ ಆ ನೋಟ, ಮಿಕ್ಕಿದ್ದೆಲ್ಲ ಅಲಂಕಾರ ಅಂತ ನಂಗನ್ಸುತ್ತೆ, ಅಲಂಕಾರ ಸ್ವಲ್ಪ ಜಾಸ್ತಿನೇ ಆಯ್ತು ಮೊರೋದು.

ಕೊನೇ ದಿನ ಪಾದ ತುಂಬ್ತಾ ಕೂತಾಗ ಹೊಳೀತು, ಅಲ್ಲ, ಇವನಿಗೆ ಕಾಲಿನ ಊತದಿಂದಲೇ ಹೆಸರು ಬಂದಿದ್ದು, ಇಲ್ಲಿ ನೋಡಿದ್ರೆ ಕಡೆದಿಟ್ಟಂಥ ಕಾಲು, ಒಂದು ಗಾಯದ ಕಲೆ ಇಲ್ಲ! ಮನೆಗೆ ಬಂದು ಬೇರೆ ಚಿತ್ರ ಹುಡುಕಿದೆ. ಆಂಗ್ರ್ ಅನ್ನೋ ಫ್ರೆಂಚ್ ಕಲಾವಿದ 1808ರಲ್ಲಿ ರೋಮಲ್ಲಿ ಓದ್ತಿದ್ದಾಗ ಬರೆದು, ಆಮೇಲೆ ದೊಡ್ಡದು ಮಾಡಿ 1827ರಲ್ಲಿ ಪ್ಯಾರಿಸ್ಸಲ್ಲಿ ತೋರಿಸಿದ ಈಡಿಪಸ್ ಲೂವ್ರ್ ಮ್ಯೂಸಿಯಮ್ಮಲ್ಲಿದೆ, ಮೊರೋ ನೋಡ್ಕೊಂಡಿದ್ದೂ ಅದನ್ನೇ. ಅಲ್ಲೂ ಇವನು ಬಂಡೆ ಮೇಲೆ ಒಂದು ಕಾಲಿಟ್ಟು ಸ್ಫಿಂಕ್ಸಿಗೆ ಕೈ ತೋರಿಸಿ ಮಾತಾಡ್ತಿದಾನೆ, ಕಾಲು ಅಮೃತಶಿಲೆ. ಎಡಗಡೆ ಮೂಲೇಲಿ ಸತ್ತವನೊಬ್ಬನ ಅಂಗಾಲು ಮಾತ್ರ ಕಾಣುತ್ತೆ, ಹೆದರಿಕೆ ಆಗೋ ಹಾಗೆ. ವ್ಯಾಟಿಕನ್ನಲ್ಲಿರೋ ಗ್ರೀಕರ ಮಣ್ಣಿನ ಬಟ್ಟಲಲ್ಲಿ, ಕ್ರಿಸ್ತಪೂರ್ವ 470ರ ಸುಮಾರಿನದು, ಇವನು ದಾರಿಹೋಕನ ಟೋಪಿ ಹಾಕ್ಕೊಂಡು ಕಾಲ ಮೇಲೆ ಕಾಲು ಹಾಕಿ ಕಟ್ಟೆ ಪಂಚಾಯ್ತಿಗೆ ಕೂತೋನ ಥರ ಕೂತಿದಾನೆ, ಸ್ಫಿಂಕ್ಸ್ ಕಂಬದ ಮೇಲೆ. ನಂಗೆ ತುಂಬ ಹಿಡಿಸಿದ್ದು ಅದೇ, ಎಷ್ಟು ಕಮ್ಮಿ ಗೆರೆ. ಮೂರೂ ಕಡೆ ಗೆಲ್ಲೋ ಗಳಿಗೇನೇ. ಕುರುಡಾದ ಮುದುಕನ್ನ ಬರೆದೋರು ಇಲ್ದೇ ಇಲ್ಲ, ಗಾಗ್ನೆರೋ ಅನ್ನೋನು 1784ರಲ್ಲಿ ಬರೆದಿದ್ದು ಸ್ಟಾಕ್‌ಹೋಮಲ್ಲಿದೆ, ಆದ್ರೆ ಎಲ್ಲರ ಕಣ್ಣಲ್ಲಿ ಉಳಿದಿರೋದು ಸ್ಫಿಂಕ್ಸ್ ಜೊತೆ ನಿಂತ ಹುಡುಗನೇ.

ಒಗಟು ಗೊತ್ತಲ್ಲ, ಬೆಳಿಗ್ಗೆ ನಾಲ್ಕು ಕಾಲು, ಮಧ್ಯಾಹ್ನ ಎರಡು, ಸಂಜೆ ಮೂರು, ಏನದು ಅಂತ. ಮನುಷ್ಯ ಅಂತ ಹೇಳಿ ಗೆದ್ದೋನು ಕಣ್ಣು ಹೋದ್ಮೇಲೆ ತಾನೇ ಕೋಲು ಹಿಡಿದು ಮೂರು ಕಾಲಲ್ಲಿ ಊರು ಬಿಟ್ಟ, ಮಗಳು ಆಂಟಿಗನಿ ಕೈ ಹಿಡಿದು ನಡೆಸಿದ್ಲು. ಆ ಮುದುಕನ್ನ ನಾನೇ ಬರೆಯೋಣ ಅಂತ ಹೊರಟೆ. ಮಾಡೆಲ್ ಬೇಕಲ್ಲ, ಕನ್ನಡಿ ಮುಂದೆ ಕೂತು ಕಣ್ಣು ಮುಚ್ಚಿದೆ, ಮುಚ್ಚಿದ್ರೆ ನೋಡೋದು ಹೇಗೆ! ಎರಡು ನಿಮಿಷ ಆದ್ಮೇಲೆ ಹೊಳೀತು ನಂಗೆ. ಮಗಳು ಫೋನಲ್ಲಿ ಫೋಟೋ ತೆಗೆದ್ಲು, ಅಳಿಯಂದಿರ ಗಾಲ್ಫ್ ಕೋಲು ಊರಿಕೊಂಡು ಪಂಚೆ ಹೊದ್ಕೊಂಡು ನಾನು, ಕೈ ಹಿಡ್ಕೊಂಡು ಒಂಬತ್ತು ವರ್ಷದ ಮೊಮ್ಮಗಳು.

ಕಣ್ಣಿಲ್ದ ಮುಖ ಬರೆಯೋದು ಕಷ್ಟ ಅಂದ್ಕೊಂಡಿದ್ದೆ, ಸುಲಭ ಆಯ್ತು, ಎರಡು ಗುಳಿ ನೆರಳು ಅಷ್ಟೇ. ಆದ್ರೆ ನೋಡೋರ ದೃಷ್ಟಿ ಮುಖದ ಮೇಲೆ ನಿಲ್ಲಲ್ಲ, ಜಾರಿ ಕೆಳಗೆ ಹೋಗುತ್ತೆ, ಅಲ್ಲಿ ಏನಾದ್ರೂ ಇರ್ಬೇಕು. ಕಾಲನ್ನ ದೊಡ್ಡದಾಗೇ ಬರೆದೆ. ಬಂದ ವಾರ ಊದಿದ್ದ ನನ್ನ ಕಾಲಿನ ಫೋಟೋನ ಮಗಳು ಡಾಕ್ಟರಿಗೆ ತೋರಿಸೋಕೆ ಅಂತ ಇಟ್ಟಿದ್ಲು, ಅದನ್ನೇ ನೋಡಿ ಬರೆದೆ. ಊದಿದ ಕಾಲಲ್ಲಿ ಕೀಲಿನ ಮೂಳೆ ಮುಚ್ಚಿಹೋಗಿರುತ್ತೆ, ಹಾಗಾಗಿ ಅಲ್ಲಿ ಗೆರೆ ಎಳೀಬಾರದು, ಮೆತ್ತಗಿನ 2ಬಿ ಪೆನ್ಸಿಲ್ಲನ್ನ ಮಲಗಿಸಿ ಉಜ್ಜಿ, ಹಿಟ್ಟಿನ ಥರ ನಾದೋ ರಬ್ಬರಲ್ಲಿ ಒಂದು ಸಲ ಒತ್ತಿ ಎತ್ತಬೇಕು, ಚರ್ಮ ಬಿಗಿದು ಹೊಳೆಯೋದು ಬರುತ್ತೆ. ಆ ಹೊಳಪಿನ ಮೇಲೆ ಎರಡು ಕಲೆ ಇಟ್ಟೆ, ಚುಚ್ಚಿದ ಜಾಗ.

ಕಾಲು ಚೆನ್ನಾಗಿ ಬಂತು, ನಾನೇ ಹೇಳ್ಕೋಬಾರದು. ಮೊಮ್ಮಗಳು ಬಂದು ತುಂಬ ಹೊತ್ತು ನೋಡಿ ಬೆರಳಿಟ್ಟು ಎಣಿಸಿ, ತಾತಾ ನನ್ನ ಕೈಗೆ ಆರು ಬೆರಳು ಬರೆದಿದೀಯ ಅಂದ್ಲು. ನೋಡಿದ್ರೆ ಹೌದು. ನಾಳೆ ಒಂದು ಅಳಿಸ್ಬೇಕು, ಯಾವುದನ್ನ ಅಂತಲೇ ಗೊತ್ತಾಗ್ತಿಲ್ಲ, ಆರೂ ಕೋಲಿಗಿಂತ ಗಟ್ಟಿಯಾಗಿ ಹಿಡ್ಕೊಂಡಿವೆ.