ಇಂಜಿನ್ ಕಾದದ್ದೆಲ್ಲಿ?

ಮೇ ತಿಂಗಳ ರಜೆಯಲ್ಲಿ ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಟ ಕಾರುಗಳಲ್ಲಿ ಒಂದೆರಡಾದರೂ ಖಂಬಾಟಕಿ ಘಾಟಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತಿರುತ್ತವೆ. ಹೇಗೋ ಗ್ಯಾರೇಜು ಮುಟ್ಟಿದ ಮೇಲೆ ಮೊದಲು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ಕವಾಟ) ಕೀಳುತ್ತಾರೆ, ಮತ್ತೆ ಕಾದರೆ ವಾಟರ್ ಪಂಪ್, ಅದಕ್ಕೂ ಬಗ್ಗದಿದ್ದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚುತ್ತಾರೆ. ಸ್ಪ್ಯಾನರ್ ಹಿಡಿಯುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಕಾದದ್ದು ಎಲ್ಲಿ?

ಪುಣೆಯ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಟೆಂಪರೇಚರ್ ಮುಳ್ಳು ಏರಿ, ರಸ್ತೆ ಖಾಲಿಯಾಗಿ ಗಾಡಿ ಓಡತೊಡಗಿದೊಡನೆ ಇಳಿದರೆ ಅನುಮಾನ ಫ್ಯಾನಿನ ಮೇಲೆ. ಪೇಟೆಯಲ್ಲಿ ಸುಮ್ಮನಿದ್ದು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ, ಬೋರ್ ಘಾಟಿನ ಏರಿನಲ್ಲಿ ಮಾತ್ರ ಕಾದರೆ ರೇಡಿಯೇಟರ್ ಕಟ್ಟಿದೆ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ, ಇಲ್ಲವೇ ಪಂಪ್ ಸೋತಿದೆ. ಎರಡೂ ಕಡೆ ಕಾದರೆ ಮೊದಲು ಇಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್ ಎಷ್ಟಿದೆ ನೋಡಿ.

ದಾರಿಯಲ್ಲೇ ಕಾದರೆ ಎಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿ, ಬದಿಗೆ ನಿಲ್ಲಿಸಿ. ಏರಿದ್ದ ಮುಳ್ಳು ಥಟ್ಟನೆ ತಣ್ಣಗಿನ ಕಡೆ ಬಿದ್ದರೆ ಸಮಾಧಾನಪಡಬೇಡಿ. ಸೆನ್ಸರ್ ಮುಳುಗುವಷ್ಟೂ ನೀರಿಲ್ಲ ಎಂದು ಅರ್ಥ. ಆ ಕ್ಷಣವೇ ಇಂಜಿನ್ ಆರಿಸಿ. ಕೂಲಂಟ್ ತುಂಬುವ ಬಾಯಿಯ ಕ್ಯಾಪ್ ಮುಟ್ಟಲು ಕನಿಷ್ಠ 45 ನಿಮಿಷ ಬಿಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತದೆ.

ಇಂಜಿನ್ ತಣಿದ ಮೇಲೆ ಸೋರಿಕೆ ಹುಡುಕಿ. ಹೋಸ್ ಕ್ಲಿಪ್ಪಿನ ಸುತ್ತ, ಪಂಪಿನ ಕೆಳಗಿನ ಸಣ್ಣ ತೂತಿನ ಬಳಿ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯುಮಿನಿಯಂಗೆ ಕೂಡುವ ಅಂಚಿನಲ್ಲಿ ಒಣಗಿದ ಬಿಳಿ ಅಥವಾ ಹಸಿರು ಕಲೆ ಕಾಣುತ್ತದೆ. ಕ್ಯಾಪಿನ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ಅಷ್ಟು ಬಾರ್ ಒತ್ತಡ ನಿಂತರೆ ನೀರು 120 ಡಿಗ್ರಿಯ ಆಸುಪಾಸಿನವರೆಗೂ ಕುದಿಯುವುದಿಲ್ಲ. ಅಡಿಯ ರಬ್ಬರ್ ಸೀಳಿದ್ದರೆ, ಅಥವಾ ತಣಿದಾಗ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಕ್ಯಾಪ್ ಬದಲಿಸಿ. ಸಂಖ್ಯೆ ಮಾತ್ರ ಅದೇ ಇರಲಿ.

ಫ್ಯಾನ್ ಪರೀಕ್ಷೆ ಸುಲಭ. ಎಸಿ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಅದು ತಿರುಗಬೇಕು. ಆಗ ತಿರುಗಿ, ಇಂಜಿನ್ ಕಾದಾಗ ತಿರುಗದಿದ್ದರೆ ಮೋಟಾರ್ ಚೆನ್ನಾಗಿದೆ, ಸೆನ್ಸರ್ ಅಥವಾ ವೈರಿಂಗ್ ಕೆಟ್ಟಿದೆ. ಎರಡೂ ಸಲ ತಿರುಗದಿದ್ದರೆ ಫ್ಯೂಸ್, ರಿಲೇ ನೋಡಿ, ಆಮೇಲೆ ಮೋಟಾರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ನೋಡಿ.

ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಬಿಚ್ಚಿ. ಅದರ ಮೇಲೆ 82 ಅಥವಾ 88 ಎಂಬ ಅಂಕೆ ಇರುತ್ತದೆ. ದಾರ ಕಟ್ಟಿ ಪಾತ್ರೆಯ ನೀರಿಗೆ ಇಳಿಬಿಟ್ಟು ಕಾಯಿಸಿ. ಆ ಡಿಗ್ರಿಗೆ ಬಾಯಿ ಬಿಡಲು ಶುರುಮಾಡಿ, ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿರಬೇಕು. ‘ಕಾಢೂನ್ ಟಾಕತೋ’ (ಕಿತ್ತೇ ಹಾಕುತ್ತೇನೆ) ಎನ್ನುವ ಮೆಕ್ಯಾನಿಕ್‌ಗೆ ಒಪ್ಪಬೇಡಿ. ಅನೇಕ ಇಂಜಿನ್ನುಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಇದೇ ಭಾಗ. ಕಿತ್ತರೆ ಒಂದಷ್ಟು ಕೂಲಂಟ್ ರೇಡಿಯೇಟರಿಗೆ ಹೋಗದೆಯೇ ತಿರುಗಿ ಬರುತ್ತದೆ, ಘಾಟಿನಲ್ಲಿ ಕಾವು ಇನ್ನೂ ಹೆಚ್ಚುತ್ತದೆ.

ರೇಡಿಯೇಟರಿಗೂ ಎಸಿ ಕಂಡೆನ್ಸರಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಡಿ. ಮಳೆಗಾಲದ ಕೆಸರು ಅಲ್ಲಿ ಹಪ್ಪಳದಂತೆ ಕೂತಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ ಸಾದಾ ಪೈಪಿನಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ಫಿನ್ ಮಡಚಿಕೊಳ್ಳುತ್ತವೆ.

ಹೆಚ್ಚು ಜನ ಎಡವುವುದು ಕೂಲಂಟ್ ತುಂಬುವಾಗ. ಒಳಗೆ ಗಾಳಿ ಸಿಕ್ಕಿಕೊಂಡರೂ ಗುಳ್ಳೆ, ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವಿನ ಸೀಲು) ಹೋಗಿದ್ದರೂ ಗುಳ್ಳೆ. ಎರಡನ್ನೂ ಒಂದೇ ಎಂದುಕೊಂಡು ಸುಮ್ಮನೆ ಹೆಡ್ ಇಳಿಸಿದವರು ಬೇಕಾದಷ್ಟಿದ್ದಾರೆ. ಕ್ಯಾಪ್ ರೇಡಿಯೇಟರಿನ ಮೇಲಿರುವ ಗಾಡಿಯಲ್ಲಿ ಹೀಗೆ ಮಾಡಿ: ಗಾಡಿಯ ಮೂತಿ ಏರು ಕಡೆ ಇರುವಂತೆ ನಿಲ್ಲಿಸಿ, ತಣ್ಣಗಿನ ಇಂಜಿನ್ನಿಗೆ ಕ್ಯಾಪ್ ತೆಗೆದು ನಿಧಾನ ತುಂಬಿ. ಬ್ಲೀಡ್ ಸ್ಕ್ರೂ ಇದ್ದರೆ ಗಾಳಿ ಹೋಗಿ ಬರೀ ಕೂಲಂಟ್ ಬರುವವರೆಗೆ ಸಡಿಲಿಸಿಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಸ್ಟಾರ್ಟ್ ಮಾಡಿ, ಮೇಲಿನ ಹೋಸನ್ನು ಆಗಾಗ ಹಿಚುಕಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆಲೇ ಕುಸಿಯುತ್ತದೆ. ಅಷ್ಟನ್ನು ಹಾಕಿ, ಉಕ್ಕುವ ಮೊದಲೇ ಕ್ಯಾಪ್ ಮುಚ್ಚಿ. ಸಿಕ್ಕಿಕೊಂಡ ಗಾಳಿಯ ಗುಳ್ಳೆ ದೊಡ್ಡದು, ಬಿಟ್ಟುಬಿಟ್ಟು ಬರುತ್ತದೆ, ಇಂಜಿನ್ ಬಿಸಿಯಾಗುತ್ತಾ ಕಡಿಮೆಯಾಗುತ್ತದೆ, ಕ್ಯಾಬಿನ್ನಿಗೆ ಬಿಸಿಗಾಳಿ ಬರತೊಡಗುತ್ತದೆ. ಗ್ಯಾಸ್ಕೆಟ್ಟಿನದು ಸೋಡಾ ಬಾಟಲಿಯಂತೆ ಸಣ್ಣಗೆ, ಎಡೆಬಿಡದೆ ಬರುತ್ತದೆ, ರೇಸ್ ಕೊಟ್ಟರೆ ಜಾಸ್ತಿಯಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಎರಡೇ ನಿಮಿಷದಲ್ಲಿ, ಹೋಸ್ ಇನ್ನೂ ತಣ್ಣಗಿರುವಾಗಲೇ ಕಲ್ಲಿನಂತೆ ಗಟ್ಟಿಯಾದರೆ ಸಂಶಯವೇ ಬೇಡ. ಇಂಜಿನ್ನಿನ ಹೊಗೆ ಕೂಲಂಟಿಗೆ ಸೇರುತ್ತಿದೆಯೇ ಎಂದು ನೋಡುವ ಬ್ಲಾಕ್ ಟೆಸ್ಟರಿನ ನೀಲಿ ದ್ರವ ಹಳದಿಗೆ ತಿರುಗಿದರೂ ಅದೇ.

ಜುಲೈಯಲ್ಲಿ ಆಯಿಲ್ ಕ್ಯಾಪಿನ ಅಡಿ ಕೆನೆಯಂಥದ್ದು ಕಂಡರೆ ಗಾಬರಿ ಬೇಡ. ಹತ್ತಿರದ ಓಡಾಟಕ್ಕೆ ಮಳೆಗಾಲದ ತೇವ ಹಾಗೆ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೇ ಹಾಲು ಚಹಾದ ಬಣ್ಣವಾಗಿದ್ದರೆ ಗಾಡಿ ಓಡಿಸಬೇಡಿ.

ಬೋರ್‌ವೆಲ್ ನೀರು ಹಾಕಬೇಡಿ. ಸಾಂದ್ರ ಕೂಲಂಟ್ ಆದರೆ ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ, ರೆಡಿಮಿಕ್ಸ್ ಆದರೆ ಹಾಗೆಯೇ. ತೀರಾ ಅಗ್ಗದ ‘ಕೂಲಂಟ್’ಗಳಲ್ಲಿ ಬಣ್ಣದ ನೀರೇ ಹೆಚ್ಚು, ಲೇಬಲ್ಲಿನಲ್ಲಿ ಗ್ಲೈಕಾಲ್ ಎಷ್ಟೆಂದು ಬರೆಯದಿದ್ದರೆ ಅಂಗಡಿಯಲ್ಲೇ ಬಿಡಿ. ಲೀಕ್ ಮುಚ್ಚುವ ಪುಡಿಯಾಗಲಿ, ಲಾರಿಯವರ ಅರಿಶಿನವಾಗಲಿ ಗ್ಯಾರೇಜು ಮುಟ್ಟಿಸಲು ಸಾಕು. ಹಾಗೇ ಬಿಟ್ಟರೆ ಹೀಟರಿನ ಸಣ್ಣ ಕೊಳವೆ ಕಟ್ಟುತ್ತದೆ.

ಗ್ಯಾಸ್ಕೆಟ್ ಹೋಗಿದ್ದು ಖಚಿತವಾದರೆ ಹೆಡ್ಡಿನ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಲು ಹೇಳಿ, ಎದುರಿಗೇ ನಿಲ್ಲಿ. ಸೊಟ್ಟ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಮುಂದಿನ ಘಾಟಿನಲ್ಲೇ ಮತ್ತೆ ಬಾನೆಟ್ ಎತ್ತಬೇಕಾಗುತ್ತದೆ.